ಕೆರಿಸ್‌ನ ಕಪ್ಪು ಕೊಳೆಯಲ್ಲ, ದಯವಿಟ್ಟು ಉಜ್ಜಬೇಡಿ

ಹಳೆಯ ಲೋಹದ ವಸ್ತುಗಳು ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆಯುಧಪೂಜೆ ಕಳೆದ ವಾರದಲ್ಲಿ ನನ್ನ ಮೇಜಿಗೆ ಏನು ಬರುತ್ತದೆ ಅಂತ ಈಗ ಮೊದಲೇ ಗೊತ್ತಿರುತ್ತದೆ. ಯಾರಾದರೂ ಒಬ್ಬರು ಪೇಪರಿನಲ್ಲಿ ಸುತ್ತಿದ ಕೆರಿಸ್ ಹಿಡಿದುಕೊಂಡು ಬರುತ್ತಾರೆ. ಜಾವಾ ಅಥವಾ ಬಾಲಿಯಿಂದ ತಂದ, ಹಾವಿನಂತೆ ಬಳುಕಿದ ಕತ್ತಿ.

ಹೋದ ವರ್ಷ ಬಂದವರು ನಿವೃತ್ತ ಬ್ಯಾಂಕ್ ಅಧಿಕಾರಿ. ಮಗ ಜಕಾರ್ತದಲ್ಲಿ ಕೆಲಸದಲ್ಲಿದ್ದಾಗ ಕೊಂಡದ್ದಂತೆ. ಹಬ್ಬದ ಹಿಂದಿನ ದಿನ ದೀಪ, ಗಂಟೆ, ಪಂಚಪಾತ್ರೆಗಳ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದಾರೆ. ಕಪ್ಪು ಹೋಗಲಿಲ್ಲ. ಆಮೇಲೆ ಉಪ್ಪುಕಾಗದ ಹಿಡಿದಿದ್ದಾರೆ.

"ಈ ಕಡೆ ನೋಡಿ ಸಾರ್, ಕನ್ನಡಿ ತರ ಬಂದಿದೆ. ಆ ಕಡೆ ಮಾತ್ರ ಕಪ್ಪು ಬಿಡ್ತಾನೇ ಇಲ್ಲ. ನಿಮ್ಮ ಹತ್ರ ಮಿಷನ್ ಇದೆಯಲ್ಲ, ಅದನ್ನೂ ಪಾಲಿಶ್ ಮಾಡಿಕೊಡಿ. ಹಾಗೇ ಸ್ವಲ್ಪ ಸಾಣೆ ಹಿಡಿದುಬಿಡಿ."

ಅವರ ಮೇಲೆ ಸಿಟ್ಟು ಬರಲಿಲ್ಲ. ಪ್ರೀತಿಯಿಂದಲೇ ಮಾಡಿದ್ದರು, ಅಲ್ವಾ? ಹೊಳೆದರೆ ಚೆಂದ ಅಂತ ನಾವೆಲ್ಲ ಕಲಿತುಕೊಂಡಿದ್ದೇವೆ. ಆದರೆ ಆ ಅಲಗನ್ನು ಕೈಗೆ ತೆಗೆದುಕೊಂಡಾಗ ನನಗೆ ನಿಜಕ್ಕೂ ಸಂಕಟವಾಯಿತು. ಕಪ್ಪು ಉಳಿದ ಬದಿಯಲ್ಲಿ ಬೆಳ್ಳಿ ಬಣ್ಣದ ಸಣ್ಣ ಗೆರೆಗಳು ನೀರಿನ ಅಲೆಯ ಹಾಗೆ ಬುಡದಿಂದ ತುದಿಯವರೆಗೆ ಹರಿದಿದ್ದವು. ಹೊಳೆಯುವ ಬದಿಯಲ್ಲಿ ಏನೂ ಇರಲಿಲ್ಲ. ಅಡುಗೆಮನೆ ಚಾಕುವಿನ ಹಾಗೆ ಬರೀ ಬಿಳಿ.

ಆ ಗೆರೆಗಳ ಹೆಸರು ಪಾಮೊರ್. ಜಾವಾ ಭಾಷೆಯಲ್ಲಿ ಇದಕ್ಕೆ 'ಬೆರೆತದ್ದು' ಎಂಬ ಅರ್ಥವಿದೆ. ಬರೀ ಕಬ್ಬಿಣ, ನಿಕ್ಕಲ್ ಇರುವ ಕಬ್ಬಿಣ, ಈ ಎರಡನ್ನೂ ಕುಲುಮೆಯಲ್ಲಿ ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿದು ಪದರ ಮಾಡುತ್ತಾರೆ. ಒಳಗೆ ಉಕ್ಕಿನ ಒಂದು ತಿರುಳು, ಎರಡೂ ಬದಿಗೆ ಈ ಪದರಗಳು. ಕೊನೆಗೆ ಪಾಷಾಣದ, ಅಂದರೆ ಆರ್ಸೆನಿಕ್‌ನ, ಖನಿಜವನ್ನು ನಿಂಬೆರಸದಲ್ಲಿ ಕಲಸಿ ಹಚ್ಚುತ್ತಾರೆ. ಬರೀ ಕಬ್ಬಿಣ ಕಪ್ಪಾಗುತ್ತದೆ. ನಿಕ್ಕಲ್ ಇರುವ ಗೆರೆ ಬಿಳಿಯಾಗಿಯೇ ಉಳಿಯುತ್ತದೆ.

ಇಲ್ಲೇ ಎಲ್ಲರೂ ಎಡವುವುದು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಆ ಕಪ್ಪು ತುಕ್ಕಲ್ಲ. ಹೊಗೆಯಲ್ಲ. ಹಳೆಯದಾಗಿ ಬಂದ ಬಣ್ಣವೂ ಅಲ್ಲ. ಮಾಡಿದವನು ಬೇಕೆಂದೇ ತಂದ ಕಪ್ಪು. ಅದು ಇದ್ದರೆ ಮಾತ್ರ ಬಿಳಿ ಗೆರೆ ಕಾಣುತ್ತದೆ. ಕಪ್ಪು ತೆಗೆದರೆ ಬಿಳಿಯೂ ಹೋದ ಹಾಗೆ. ನಿಂಬೆಹುಳಿ, ಹುಣಸೆಹುಳಿಯಿಂದ ಮೇಲಿನ ಬಣ್ಣ ಹೋದರೆ ಮತ್ತೆ ಹಚ್ಚಬಹುದು. ಉಪ್ಪುಕಾಗದ, ಅರ, ಬಫಿಂಗ್ ಚಕ್ರ ತಾಗಿದರೆ ಪದರವೇ ಸವೆಯುತ್ತದೆ. ಸವೆದ ಪದರವನ್ನು ಯಾರೂ ವಾಪಸ್ ತರಲಾರರು. ನನ್ನಿಂದಂತೂ ಆಗದು.

"ಆದರೆ ಜಾವಾದಲ್ಲೂ ತೊಳೀತಾರಲ್ಲ ಸಾರ್, ವಿಡಿಯೋ ನೋಡಿದ್ದೇನೆ" ಅಂತ ಕೆಲವರು ಕೇಳುತ್ತಾರೆ. ಹೌದು, ತೊಳೆಯುತ್ತಾರೆ. ಜಾವಾ ಪಂಚಾಂಗದ ಮೊದಲ ತಿಂಗಳಾದ ಸುರೊದಲ್ಲಿ ಅದಕ್ಕೆ ದೊಡ್ಡ ಶಾಸ್ತ್ರವೇ ಇದೆ. ಎಳನೀರಿನಲ್ಲಿ ನೆನೆಹಾಕಿ, ನಿಂಬೆರಸ ಮತ್ತು ನಮ್ಮ ಅಂಟುವಾಳದ ಜಾತಿಯ ಕಾಯಿಯ ನೊರೆಯಲ್ಲಿ ತಿಕ್ಕಿ, ಅಲಗನ್ನು ಬಿಳಿ ಮಾಡುತ್ತಾರೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಮತ್ತೆ ಪಾಷಾಣ ಹಚ್ಚಿ ಕಪ್ಪು ತರುತ್ತಾರೆ, ಆಮೇಲೆ ಪರಿಮಳದ ಎಣ್ಣೆ ಸವರುತ್ತಾರೆ. ನಮ್ಮವರು ಮೊದಲರ್ಧ ಮಾಡಿ ಗೋಡೆಗೆ ನೇತುಹಾಕುತ್ತಾರೆ. ಇನ್ನೊಂದು ಮಾತು: ಆ ಪಾಷಾಣ ನಿಜವಾದ ವಿಷ. ಮನೆಯಲ್ಲಿ ಪ್ರಯೋಗ ಮಾಡಬೇಡಿ. ಹಳೆಯ ಕೆರಿಸ್ ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ. ಮಕ್ಕಳ ಕೈಗೆ ಕೊಡಬೇಡಿ.

ಈಗ, ಅವರು ಇಷ್ಟೆಲ್ಲ ಕಷ್ಟಪಟ್ಟು ಎರಡು ಬಣ್ಣ ಯಾಕೆ ತರುತ್ತಾರೆ?

ಜಾವಾದಲ್ಲಿ 'ಬಾಪಾ ಆಕಾಸ, ಇಬು ಪರ್ತಿವಿ' ಅನ್ನುತ್ತಾರೆ. ಅಪ್ಪ ಆಕಾಶ, ತಾಯಿ ಪೃಥ್ವಿ. ಕಬ್ಬಿಣ ನೆಲದಿಂದ ಅಗೆದದ್ದು, ತಾಯಿಯ ಕಡೆಯದು. ಪಾಮೊರ್ ಉಲ್ಕೆಯಾಗಿ ಮೇಲಿನಿಂದ ಬಿದ್ದದ್ದು, ಅಪ್ಪನ ಕಡೆಯದು. ಎರಡೂ ಕೂಡಿದಾಗಲೇ ಕತ್ತಿಗೆ ಜೀವ. ಮಧ್ಯ ಜಾವಾದ ಪ್ರಂಬಾನನ್ ಬಳಿ ಬಿದ್ದ ಉಲ್ಕೆಯ ದೊಡ್ಡ ತುಂಡೊಂದನ್ನು 18ನೇ ಶತಮಾನದಲ್ಲಿ ಸುರಕರ್ತದ ಅರಮನೆಗೆ ಹೊತ್ತು ತಂದರು. 'ಕಂಜೆಂಗ್ ಕ್ಯಾಯಿ ಪಾಮೊರ್' ಅಂತ ದೊಡ್ಡವರನ್ನು ಕರೆಯುವಂತೆ ಹೆಸರಿಟ್ಟು ಗೌರವಿಸಿದರು. ಹಾಗಂತ ಅಂಗಡಿಯವನು 'ಇದು ಉಲ್ಕೆಯ ಕಬ್ಬಿಣ' ಅಂದ ಕೂಡಲೇ ಜಾಸ್ತಿ ದುಡ್ಡು ಕೊಡಬೇಡಿ. ಸುಲವೆಸಿ ದ್ವೀಪದ ಲುವು ಪ್ರದೇಶದ ಕಬ್ಬಿಣದಲ್ಲೇ ನಿಕ್ಕಲ್ ಇತ್ತು, ಜಾವಾದ ಕಮ್ಮಾರರು ಅದನ್ನು ತರಿಸಿಕೊಳ್ಳುತ್ತಿದ್ದರು. ಆಮೇಲೆ ಹೊರದೇಶದ ನಿಕ್ಕಲ್ಲೂ ಬಂತು. ಪರೀಕ್ಷೆ ಮಾಡದೆ ನಾನು ಯಾವ ಕೆರಿಸ್‌ಗೂ ಉಲ್ಕೆಯ ಸರ್ಟಿಫಿಕೇಟ್ ಕೊಡುವುದಿಲ್ಲ.

ಇಷ್ಟು ಹೇಳಿದರೆ ಎದುರಿಗೆ ಕೂತವರ ಮುಖ ಅರಳುತ್ತದೆ. "ಆಕಾಶ, ಪೃಥ್ವಿ! ಅಂದ್ರೆ ಇದು ನಮ್ಮದೇ ಅಲ್ವಾ ಸಾರ್?"

ಹೆಸರು ನಮ್ಮದು, ನಿಜ. ಆದರೆ ವಿಷಯ ಅಷ್ಟು ಸುಲಭವಿಲ್ಲ. ಜಾವಾ, ಬಾಲಿ, ಬೋರ್ನಿಯೊ, ಫಿಲಿಪ್ಪೀನ್ಸ್ ಜನರ ಭಾಷೆಗಳೆಲ್ಲ ಆಸ್ಟ್ರೋನೇಷ್ಯನ್ ಎಂಬ ಒಂದೇ ಮನೆತನಕ್ಕೆ ಸೇರಿದವು. ಸಾವಿರಾರು ವರ್ಷಗಳ ಹಿಂದೆ ತೈವಾನ್ ಕಡೆಯಿಂದ ದೋಣಿ ಹತ್ತಿದವರು ಪಡುವಣದಲ್ಲಿ ಮಡಗಾಸ್ಕರ್‌ಗೂ ಮೂಡಣದಲ್ಲಿ ಹವಾಯಿ, ನ್ಯೂಜಿಲೆಂಡ್‌ಗೂ ಹರಡಿದರು. ಐದು ಅನ್ನುವುದಕ್ಕೆ ಮಲಯ ಭಾಷೆಯಲ್ಲಿ 'ಲಿಮ', ಹವಾಯಿಯಲ್ಲೂ 'ಲಿಮ', ನ್ಯೂಜಿಲೆಂಡ್‌ನ ಮಾವೊರಿಯಲ್ಲಿ 'ರಿಮ', ಮಡಗಾಸ್ಕರ್‌ನಲ್ಲಿ 'ದಿಮಿ'. ಸಂಸ್ಕೃತದ ಗಾಳಿಯೇ ಸೋಕದ ಮಾವೊರಿಗಳಲ್ಲೂ ಆಕಾಶ ಅಪ್ಪ, ಭೂಮಿ ಅಮ್ಮ. ಅವರು ರಂಗಿ ಮತ್ತು ಪಾಪಾ, ಬಿಗಿದಪ್ಪಿ ಮಲಗಿದ್ದ ದಂಪತಿ. ಬೋರ್ನಿಯೊದ ನ್‌ಗಾಜು ದಾಯಕರಲ್ಲಿ ಮೇಲಿನ ಲೋಕಕ್ಕೆ ಮಂಗಟ್ಟೆ ಹಕ್ಕಿ, ಕೆಳಗಿನ ಲೋಕಕ್ಕೆ ನೀರಿನ ಹಾವು, ಎರಡೂ ಸೇರಿದರೆ ಒಂದೇ ಪೂರ್ತಿ ದೈವ. ಮೇಲು ಕೆಳಗು ಜೋಡಿಯಾಗಿರಬೇಕು ಎನ್ನುವ ಈ ತಿಳಿವಳಿಕೆ ಅವರ ಮನೆಯದೇ ಅಂತ ನನ್ನ ನಂಬಿಕೆ. ನಮ್ಮ ಹೆಸರುಗಳು ಆಮೇಲೆ ಬಂದು ಅದರ ಮೇಲೆ ಕೂತವು.

ಇದಕ್ಕೆ ನನಗೆ ತುಂಬ ಇಷ್ಟದ ಸಾಕ್ಷಿ ಸುಕುಹ್ ದೇವಾಲಯದಲ್ಲಿದೆ. ಮಧ್ಯ ಜಾವಾದ ಲಾವು ಬೆಟ್ಟದ ಮೇಲೆ, 15ನೇ ಶತಮಾನದ್ದು. ಅಲ್ಲೊಂದು ಉಬ್ಬುಚಿತ್ರದಲ್ಲಿ ಭೀಮ ಕುಲುಮೆಯ ಮುಂದೆ ಕೂತು ಕತ್ತಿ ಮಾಡುತ್ತಿದ್ದಾನೆ. ನಡುವೆ ಗಣೇಶನ ಕುಣಿತ. ಬಲಕ್ಕೆ ಅರ್ಜುನ ತಿದಿ ಒತ್ತುತ್ತಿದ್ದಾನೆ. ನಮ್ಮವರು ಭೀಮ, ಗಣೇಶ, ಅರ್ಜುನರ ಫೋಟೋ ತೆಗೆದುಕೊಂಡು ಬರುತ್ತಾರೆ. ನೀವು ತಿದಿ ನೋಡಿ. ನಮ್ಮ ಕಮ್ಮಾರಸಾಲೆಯ ಚರ್ಮದ ಚೀಲದ ತಿದಿ ಅದಲ್ಲ. ನೆಟ್ಟಗೆ ನಿಂತ ಎರಡು ಕೊಳವೆಗಳು, ಒಳಗೆ ಮೇಲೆ ಕೆಳಗೆ ಆಡುವ ಎರಡು ಕೋಲುಗಳು. ಒಂದು ಕೈ ಏರಿದಾಗ ಇನ್ನೊಂದು ಇಳಿಯುತ್ತದೆ, ಗಾಳಿ ತಪ್ಪುವುದಿಲ್ಲ. ಇದೇ ತಿದಿ ಹಿಂದೂ ಮಹಾಸಾಗರದ ಆಚೆ ಮಡಗಾಸ್ಕರ್‌ನಲ್ಲೂ ಇದೆ. ದೋಣಿಯಲ್ಲಿ ಹೋದವರು ಒಯ್ದದ್ದು. ಕಥೆಯ ನಾಯಕ ನಮ್ಮ ಭಾರತದವನು, ಅವನ ಬೆಂಕಿಗೆ ಗಾಳಿ ಊದಿದ್ದು ಆಸ್ಟ್ರೋನೇಷ್ಯನ್ ತಿದಿ.

ಹೆಸರು ನಮ್ಮದು, ಜೀವ ಅವರದು ಎನ್ನುವುದಕ್ಕೆ ಇನ್ನೊಂದು ಚಂದದ ಉದಾಹರಣೆ ಹಲ್ಲಿ. ಸುಮಾತ್ರಾದ ಬತಕ್ ಜನರ ಮನೆಗಳ ಮೇಲೆ ಹಲ್ಲಿ ಕೆತ್ತಿರುತ್ತಾರೆ. ಅದು ಭೂಮಿಯ ದೈವ. ಹೆಸರು ಬೊರಸ್ಪತಿ. ನಮ್ಮ ಬೃಹಸ್ಪತಿಯೇ! ದೇವಗುರು ಅಲ್ಲಿ ಹೋಗಿ ನೆಲದ ಹಲ್ಲಿಯಾದ. ಕೆರಿಸ್‌ನಲ್ಲೂ ಹಲ್ಲಿ ಇದೆ. ಅಲಗಿನ ಬುಡಕ್ಕೆ ಅಡ್ಡಲಾಗಿ ಒಂದು ಕಬ್ಬಿಣದ ತುಂಡು ಕೂತಿರುತ್ತದೆ, ಅದಕ್ಕೆ ಗಂಜ ಅನ್ನುತ್ತಾರೆ. ಹಿಡಿ ಬಿಚ್ಚಿ, ಕತ್ತಿಯನ್ನು ತಲೆಕೆಳಗಾಗಿ ಹಿಡಿದು, ಗಂಜವನ್ನು ನೇರ ಮೇಲಿನಿಂದ ನೋಡಿ. ಒಂದು ತುದಿ ಮೊಂಡು ತಲೆ, ಆಮೇಲೆ ಸಣ್ಣ ಕತ್ತು, ನಡುವೆ ಉಬ್ಬಿದ ಹೊಟ್ಟೆ, ಕೊನೆಗೆ ಸಪೂರ ಬಾಲ. ಆ ತಲೆಗೆ ಅಲ್ಲಿನ ಕುಶಲಕರ್ಮಿಗಳು ಇಟ್ಟ ಹೆಸರೇ 'ಸಿರಾಹ್ ಚೆಚಾಕ್', ಹಲ್ಲಿಯ ತಲೆ. ಬತಕ್ ಹಲ್ಲಿಗೂ ಜಾವಾದ ಹಲ್ಲಿಗೂ ನೇರ ನಂಟು ಕಟ್ಟಲು ನಾನು ಹೋಗುವುದಿಲ್ಲ. ಆದರೆ ಭೂತಗನ್ನಡಿಯಲ್ಲಿ ಆ ಹೊಟ್ಟೆಯ ನಡುವಿನ ತೂತು, ಅದರೊಳಗಿಂದ ಮೇಲೆದ್ದ ಅಲಗಿನ ಮೊಳೆ ನೋಡುವಾಗ ಪ್ರತಿ ಸಲವೂ ಒಂದು ಕ್ಷಣ ಕೈ ನಿಲ್ಲುತ್ತದೆ.

ಆ ತೂತು ಗಂಡು ಹೆಣ್ಣು ಕೂಡುವ ಜಾಗ ಅಂತಲೇ ಜಾವಾದಲ್ಲಿ ವಿವರಿಸುತ್ತಾರೆ. ಅಲಗು ಗಂಡು, ಗಂಜ ಹೆಣ್ಣು. ಒಂದೇ ತುಂಡಿನಲ್ಲಿ ಮಾಡಿದ ಕೆರಿಸ್‌ಗಳೂ ಇವೆ, ಆದರೆ ಹೆಚ್ಚಿನವು ಎರಡು ತುಂಡಿನವು. ಹಾಗಾಗಿ ಗಂಜ ಸ್ವಲ್ಪ ಅಲ್ಲಾಡಿದರೆ ಗಾಬರಿಯಾಗಬೇಡಿ. ನನ್ನ ಹತ್ತಿರ ಬಂದ ಒಂದು ಕೆರಿಸ್‌ಗೆ ಗ್ಯಾರೇಜಿನಲ್ಲಿ ವೆಲ್ಡಿಂಗ್ ಹೊಡೆಸಿದ್ದರು. ಗಟ್ಟಿಯಾಯಿತು ಅಂತ ಮಾಲೀಕರಿಗೆ ಸಮಾಧಾನ. ಸುತ್ತಲಿನ ಎರಡು ಬೆರಳಗಲ ಪಾಮೊರ್ ಬೆಂದು ನೀಲಿಯಾಗಿತ್ತು.

ಒರೆಯ ವಿಷಯದಲ್ಲಂತೂ ನನಗೆ ತಾಳ್ಮೆ ಕಡಿಮೆ. ಮರದ ಒರೆಗೆ ಹುಳ ಬಿತ್ತು, ಬಿರುಕು ಬಿತ್ತು ಅಂತ ಬಿಸಾಡಿ, ಬರೀ ಅಲಗನ್ನು ಗಾಜಿನ ಪೆಟ್ಟಿಗೆಗೆ ಹಾಕುತ್ತಾರೆ. ಅಲಗು ಒರೆಯೊಳಗೆ, ಒರೆ ಅಲಗಿನೊಳಗೆ ಎನ್ನುವ ಮಾತು ಜಾವಾದಲ್ಲಿದೆ. ಭಕ್ತ ಮತ್ತು ದೇವರು ಒಂದಾಗುವುದನ್ನು ಅವರು ಹೀಗೆ ಹೇಳುತ್ತಾರೆ. ಲದ್ರಾಂಗ್ ಎನ್ನುವ ಬಗೆಯ ಒರೆಯ ಬಾಯಿ ದೋಣಿಯ ಹಾಗೆ ಎರಡೂ ಕಡೆ ಮೇಲಕ್ಕೆ ಬಾಗಿರುತ್ತದೆ. ಸುಲವೆಸಿಯ ತೊರಾಜ ಜನರ ಮನೆಯ ಸೂರು ಕೂಡ ದೋಣಿಯಂತೆಯೇ. ಫಿಲಿಪ್ಪೀನ್ಸ್‌ನಲ್ಲಿ ಊರಿನ ಘಟಕಕ್ಕೆ ಇವತ್ತಿಗೂ 'ಬರಂಗಾಯ್' ಅನ್ನುತ್ತಾರೆ, ಅದು ದೋಣಿಯ ಹೆಸರಿನಿಂದ ಬಂದ ಮಾತು. ದೋಣಿಯಲ್ಲಿ ಬಂದವರಿಗೆ ದೋಣಿಯೇ ಮನೆ, ದೋಣಿಯೇ ಊರು. ಆ ಒರೆಯನ್ನು ಸುಮ್ನೆ ಕಟ್ಟಿಗೆ ಅಂತ ಎಸೆಯಬಹುದೇ?

ನಮ್ಮ ಉಕ್ಕಿನ ಹೆಸರು ಹೇಳಿ, ಪಾಮೊರ್ ಕೂಡ ಅದೇ ಅಂತ ವಾದಿಸುವವರೂ ಇದ್ದಾರೆ. ನಮ್ಮ ಹಳೆಯ ಮೂಸೆ ಉಕ್ಕಿನಲ್ಲೂ ಗೆರೆ ಬರುತ್ತದೆ, ಆದರೆ ಅದು ಲೋಹ ನಿಧಾನವಾಗಿ ಆರುವಾಗ ಒಳಗಿನಿಂದಲೇ ಮೂಡುವ ಗೆರೆ. ಪಾಮೊರ್ ಹಾಗಲ್ಲ, ಎರಡು ಲೋಹ ಮಡಚಿದ್ದು. ಎರಡನ್ನೂ ಒಂದೇ ಅನ್ನಬೇಡಿ.

ಹಬ್ಬ ಮಾತ್ರ ನಿಜಕ್ಕೂ ನಮ್ಮಂತೆಯೇ. ಬಾಲಿಯಲ್ಲಿ 210 ದಿನಕ್ಕೊಮ್ಮೆ ತುಂಪೆಕ್ ಲಂದೆಪ್ ಬರುತ್ತದೆ. ಹರಿತವಾದ ವಸ್ತುಗಳ ಹಬ್ಬ ಅದು. ಕೆರಿಸ್ ಜೊತೆ ಈಗ ಸ್ಕೂಟರ್, ಕಾರುಗಳಿಗೂ ಪೂಜೆ. ಆದ್ದರಿಂದ ನಿಮ್ಮ ಮನೆಯಲ್ಲಿ ಆಯುಧಪೂಜೆಗೆ ಕೆರಿಸ್ ಇಡಿ, ಹೂ ಇಡಿ, ಏನೂ ತಪ್ಪಿಲ್ಲ. ಅಲಗಿಗೆ ಕುಂಕುಮ, ಅರಿಶಿನ, ನೀರು ತಾಗಿಸಬೇಡಿ. ಪಕ್ಕದಲ್ಲೊಂದು ತಟ್ಟೆಯಲ್ಲಿ ಇಡಿ. ಸಾಣೆಯಂತೂ ಬೇಡವೇ ಬೇಡ. ಬಳುಕು ಎಣಿಸಿದರೆ 3, 5, 7, 9 ಅಂತ ಬೆಸವೇ ಬರಬೇಕು. ಸಮ ಬಂದರೆ ಮೊದಲು ಇನ್ನೊಮ್ಮೆ ಎಣಿಸಿ. ನೇರ ಅಲಗಿನದ್ದಾದರೆ ಅದೂ ಕೆರಿಸ್ಸೇ. ಬಳುಕಿದ್ದು ಹರಿಯುವ ಹಾವು, ನೇರವಾದದ್ದು ತಪಸ್ಸಿಗೆ ಕೂತ ಹಾವು. ಬಿಳಿ ಗೆರೆಯೇ ಇಲ್ಲದ, ಪೂರ್ತಿ ಕಪ್ಪು ಕೆರಿಸ್‌ಗಳೂ ಇವೆ. ಅವನ್ನೂ ಉಜ್ಜಬೇಡಿ.

ಬ್ಯಾಂಕ್ ಅಧಿಕಾರಿಯ ಕೆರಿಸ್‌ಗೆ ನಾನು ಮಾಡಿದ್ದು ಸ್ವಲ್ಪವೇ. ಹುಣಸೆಯ ಹುಳಿ ಪೂರ್ತಿ ತೆಗೆದೆ, ಒಣಗಿಸಿದೆ, ಹೊಸ ತುಕ್ಕು ನಿಲ್ಲಿಸಿದೆ, ತೆಳುವಾಗಿ ಎಣ್ಣೆ ಸವರಿದೆ. ಪಾಷಾಣದ ಕೆಲಸ ನಾನು ಮಾಡುವುದಿಲ್ಲ. ಮಗ ಇನ್ನೊಮ್ಮೆ ಜಾವಾಕ್ಕೆ ಹೋಗುವುದಿದ್ದರೆ ಅಲ್ಲಿ ಅದೇ ಕೆಲಸ ಮಾಡಿಕೊಂಡು ಬಂದವರ ಕೈಗೆ ಕೊಡಲಿ, ಆದರೆ ಕಸ್ಟಮ್ಸ್ ನಿಯಮ ಮೊದಲೇ ವಿಚಾರಿಸಿಕೊಳ್ಳಲಿ ಅಂದೆ. ಉಪ್ಪುಕಾಗದ ತಾಗಿದ ಬದಿಯಲ್ಲಿ ಎಷ್ಟು ಗೆರೆ ವಾಪಸ್ ಕಾಣುತ್ತದೆ ಅಂತ ಮಾತು ಕೊಡಲಿಲ್ಲ.

ಹೊರಡುವಾಗ ಅವರು, "ಒರೆ ಅಟ್ಟದ ಮೇಲಿದೆ ಸಾರ್, ಹುಳ ಹಿಡಿದಿದೆ, ಅದನ್ನೂ ತರಲಾ?" ಅಂದರು. ಸಂಜೆ ನಾಲ್ಕಕ್ಕೇ ತನ್ನಿ, ಬಾಗಿಲು ಹಾಕದೆ ಕಾಯುತ್ತೇನೆ ಅಂದೆ.