ಮಕ್ಕಳ ಚಿತ್ರ ಹಾಕಿಸಿದ ಬಟ್ಟೆ ಚೀಲ ಹಂಚಿದರೆ ಜನ ಬಳಸುತ್ತಾರಾ?

ಪ್ರಶ್ನೆ: ನಮ್ಮೂರಿನ ಶಾಲೆಯ ಮಕ್ಕಳಿಂದ ಚಿತ್ರ ಬರೆಸಿ, ಅದನ್ನು ಬಟ್ಟೆ ಚೀಲದ ಮೇಲೆ ಹಾಕಿಸಿ, ಅಂಗಡಿಯವರ ಪ್ರಾಯೋಜಕತ್ವದಲ್ಲಿ ಮನೆಮನೆಗೆ ಹಂಚಬೇಕು ಅಂತಿದ್ದೇವೆ. ಜನ ನಿಜವಾಗಿ ಬಳಸುತ್ತಾರಾ, ಇಲ್ಲಾ ಫೋಟೊ ತೆಗೆಸಿಕೊಂಡ ದಿನಕ್ಕೇ ಮುಗಿಯುತ್ತದಾ?

ಬಳಸುತ್ತಾರೆ. ಆದರೆ ಚಿತ್ರ ಚೆನ್ನಾಗಿದೆ ಅಂತ ಯಾರೂ ಚೀಲ ಹಿಡಿದು ಸಂತೆಗೆ ಹೋಗುವುದಿಲ್ಲ. ಚೀಲ ಯಾರ ಕೈಗೆ ಹೋಯಿತು, ಅಂಗಡಿಯವರು ದುಡ್ಡಿನ ಜೊತೆ ಇನ್ನೇನು ಕೊಟ್ಟರು, ಇವೆರಡರ ಮೇಲೆ ಎಲ್ಲ ನಿಂತಿದೆ.

ನಾನು ಕಣ್ಣಾರೆ ನೋಡಿದ್ದನ್ನೇ ಮೊದಲು ಹೇಳುತ್ತೇನೆ. ಒಂದು ಶಾಲೆಯಲ್ಲಿ ನಾವು ಕೆಲವರು ಸೇರಿ ಪ್ರತಿ ಮಗುವಿಗೂ ಒಂದು ಕೋರಾ ಬಟ್ಟೆಯ ಚೀಲ, ಬಟ್ಟೆಗೆ ಹಚ್ಚುವ ಬಣ್ಣ, ಒಂದು ಬ್ರಷ್ ಕೊಟ್ಟೆವು. ಇಡೀ ಮಧ್ಯಾಹ್ನ ನೆಲದ ಮೇಲೆ ಬೋರಲು ಮಲಗಿ ಬರೆದರು. ನವಿಲು, ಹಲಸಿನ ಮರ, ಸೊಪ್ಪಿನ ಬುಟ್ಟಿ ಮುಂದಿಟ್ಟುಕೊಂಡು ಕೂತ ಅಜ್ಜಿ, ಕಸದ ತೊಟ್ಟಿಯಲ್ಲಿ ಕವರ್ ತಿನ್ನುವ ಹಸು. ಸಂಜೆ ಖುಷಿಯಾಗಿ ಮನೆಗೆ ಒಯ್ದರು. ಎರಡು ತಿಂಗಳು ಬಿಟ್ಟು ಸಂತೆಯಲ್ಲಿ ಆ ಚೀಲಗಳನ್ನು ಹುಡುಕಿದರೆ ಒಂದೂ ಕಾಣಲಿಲ್ಲ. ಒಂದು ಮನೆಗೆ ಹೋಗಿ ಕೇಳಿದೆ. ಆ ತಾಯಿ ಬೀರು ತೆಗೆದು, ರೇಷ್ಮೆ ಸೀರೆಗಳ ನಡುವಿನಿಂದ ಚೀಲ ಹೊರಗೆ ತೆಗೆದರು. ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಮಾಡಿಟ್ಟಿದ್ದರು. ನುಸಿಗುಳಿಗೆಯ ವಾಸನೆ ಬರುತ್ತಿತ್ತು. “ಮಗಳು ಬರೆದಿದ್ದು. ಇದಕ್ಕೆ ಆಲೂಗಡ್ಡೆ ತುಂಬೋಕೆ ಮನಸ್ಸೇ ಬರಲ್ಲ” ಅಂದರು.

ಆ ಪ್ರೀತಿಯಲ್ಲಿ ತಪ್ಪು ಹುಡುಕಲು ಆಗುತ್ತದಾ? ಹಾಗಾಗಿ ನಾವು ಕೆಲಸವನ್ನೇ ತಿರುಗಿಸಿದೆವು. ಮಗು ಬರೆದ ಹಾಳೆ ಮಗುವಿನ ಮನೆಯಲ್ಲಿರಲಿ, ಅದರ ಅಚ್ಚು ಇರುವ ಚೀಲ ಪರಿಚಯವಿಲ್ಲದವರ ಕೈಗೆ ಹೋಗಲಿ ಅಂತ.

ಇದು ಹೊಸ ಯೋಚನೆ ಏನಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಒಬ್ಬ ಶಾಲಾ ಶಿಕ್ಷಕರು 1994ರಲ್ಲಿ ಇಂಥದ್ದೊಂದು ಶುರು ಮಾಡಿದರು. ಹತ್ತಿರದ ದಿನಸಿ ಅಂಗಡಿಯಿಂದ ಕಾಗದದ ಚೀಲಗಳನ್ನು ತಂದು, ಮಕ್ಕಳಿಂದ ಅವುಗಳ ಮೇಲೆ ಚಿತ್ರ ಬರೆಸಿ, ಅದೇ ಅಂಗಡಿಗೆ ವಾಪಸ್ ಕೊಡುವುದು. ಏಪ್ರಿಲ್ 22ರ ಭೂಮಿ ದಿನದಂದು ಅಂಗಡಿಯವರು ಸಾಮಾನನ್ನು ಅದೇ ಚೀಲಗಳಲ್ಲಿ ಹಾಕಿ ಕೊಡುವುದು. ಚೀಲ ಕಾಗದದ್ದೇ ಇರಬಹುದು, ನಮಗೆ ಬೇಕಾದ ವಿಷಯ ಅದಲ್ಲ. ಯಾರದೋ ಮಗುವಿನ ಚಿತ್ರ ಇನ್ಯಾರದೋ ಅಡುಗೆಮನೆಗೆ ಹೋಯಿತು ನೋಡಿ, ಅದು.

ನಮ್ಮಲ್ಲೂ ಇದಕ್ಕೆ ಒಂದು ಹಳೇ ದಾರಿ ಇದೆ. ಮದುವೆಮನೆಯ ತಾಂಬೂಲದ ಚೀಲ. ವಧೂವರರ ಹೆಸರಿದ್ದರೂ, ಜವಳಿ ಅಂಗಡಿಯ ಹೆಸರಿದ್ದರೂ ಯಾರೂ ಮುಜುಗರಪಡದೆ ಅದರಲ್ಲಿ ವರ್ಷಗಟ್ಟಲೆ ಅಕ್ಕಿ, ಬೇಳೆ, ಟಿಫಿನ್ ಡಬ್ಬಿ ಹೊರುತ್ತಾರೆ. ಯಾಕೆ? ಗಟ್ಟಿಯಾಗಿದೆ, ಪುಕ್ಕಟೆ ಬಂದಿದೆ, ಕೊಳೆಯಾದರೆ ಚಿಂತೆಯಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಇಂಥದ್ದೇ ಹಳದಿ ಚೀಲ, ಮಂಜಪ್ಪೈ, ಎಲ್ಲರಿಗೂ ಗೊತ್ತಿದ್ದದ್ದು. 2021ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಅದನ್ನೇ ಮತ್ತೆ ಕೈಗೆತ್ತಿಕೊಂಡಿತು. ಮರುವರ್ಷ ಚೆನ್ನೈನ ಕೊಯಂಬೇಡು ಮಾರುಕಟ್ಟೆಯಲ್ಲಿ 10 ರೂಪಾಯಿ ಹಾಕಿದರೆ ಚೀಲ ಬರುವ ಯಂತ್ರವನ್ನೂ ಇಟ್ಟರು. ಚೀಲ ಮರೆತು ಬಂದವನಿಗೆ ಮಾರುಕಟ್ಟೆಯಲ್ಲೇ ಚೀಲ ಸಿಗಬೇಕು ಅನ್ನುವುದು ಅಲ್ಲಿಂದ ಕಲಿಯಬೇಕಾದ ಮಾತು.

ಇನ್ನು ಚಿತ್ರದ ವಿಷಯ. ಕ್ರೇಯಾನ್ ಚಿತ್ರ ಹಾಳೆಯ ಮೇಲೆ ಎಷ್ಟು ಚೆಂದ ಕಂಡರೂ ಸ್ಕ್ರೀನ್ ಪ್ರಿಂಟಿಂಗ್‌ಗೆ ಒಗ್ಗುವುದಿಲ್ಲ. ಅಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಕ್ರೀನ್, ಅಂದರೆ ಬಟ್ಟೆಗೆ ಬಣ್ಣ ಇಳಿಸುವ ಜಾಲರಿ ಚೌಕಟ್ಟು, ಬೇಕು. ಒಂದು ಸ್ಕ್ರೀನ್ ಮಾಡುವ ಖರ್ಚು 50 ಚೀಲಕ್ಕೂ ಅಷ್ಟೇ, 500 ಚೀಲಕ್ಕೂ ಅಷ್ಟೇ. ಆದ್ದರಿಂದ ಬಿಳಿ ಹಾಳೆ, ದಪ್ಪ ಕಪ್ಪು ಸ್ಕೆಚ್ ಪೆನ್, ಗೆರೆ ಚಿತ್ರ ಅಂತ ಮೊದಲೇ ಹೇಳಿಬಿಡಿ. ಎಲ್ಲ ಮಕ್ಕಳದ್ದೂ ಸೇರಬೇಕು ಅನ್ನಿಸಿದರೆ, ನನಗಂತೂ ಹಾಗೇ ಅನ್ನಿಸುತ್ತದೆ, ಪ್ರತಿಯೊಬ್ಬರೂ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಒಂದೊಂದು ತರಕಾರಿ ಬರೆಯಲಿ. 40 ಮಕ್ಕಳ 40 ತರಕಾರಿ ಸೇರಿಸಿದರೆ ಒಂದೇ ಸ್ಕ್ರೀನ್, ಒಂದೇ ಬಣ್ಣ. ಒಬ್ಬನಿಗೆ ಬಹುಮಾನ ಕೊಟ್ಟು ಉಳಿದವರನ್ನು ಚಪ್ಪಾಳೆಗೆ ಕೂರಿಸುವ ಸ್ಪರ್ಧೆ ದಯವಿಟ್ಟು ಬೇಡ. ಸೊಟ್ಟ ಬದನೆಕಾಯಿ ಬರೆದ ಮಗುವೂ “ಇದು ನಂದು” ಅಂತ ಬೆರಳಿಟ್ಟು ತೋರಿಸಬೇಕು.

ಚಿತ್ರ ಮಗುವಿನದ್ದೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರವೂ ಬರೆದವರೇ ಮೊದಲ ಹಕ್ಕುದಾರರು, ಶಾಲೆಯೂ ಅಲ್ಲ, ದುಡ್ಡು ಕೊಟ್ಟ ಅಂಗಡಿಯೂ ಅಲ್ಲ. ಹೆತ್ತವರಿಂದ ಒಂದು ಒಪ್ಪಿಗೆ ಪತ್ರ ತಗೊಳ್ಳಿ. ಚೀಲದ ಮೇಲೆ ಪೂರ್ತಿ ಹೆಸರು, ತರಗತಿ, ಮಗುವಿನ ಫೋಟೊ ಯಾವುದೂ ಬೇಡ.

ಬಟ್ಟೆ ವಿಷಯದಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. ಬಟ್ಟೆಯ ಹಾಗೇ ಕಾಣುವ, ಅಗ್ಗಕ್ಕೆ ಸಿಗುವ ನಾನ್ ವೋವನ್ ಚೀಲ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಕಣ್ಣ ಹತ್ತಿರ ಹಿಡಿದು ನೋಡಿ. ಹಾಸು ಹೊಕ್ಕಿನ ಎಳೆ ಕಾಣುವುದಿಲ್ಲ, ಸಣ್ಣ ಸಣ್ಣ ಚುಕ್ಕಿ ಒತ್ತಿದ ಗುರುತು ಇರುತ್ತದೆ. ಅನುಮಾನ ಬಂದರೆ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಇದು ಕರಗಿ ಗಂಟು ಕಟ್ಟುತ್ತದೆ. ಕೇಂದ್ರದ ನಿಯಮದ ಪ್ರಕಾರ ಚದರ ಮೀಟರಿಗೆ 60 ಗ್ರಾಂಗಿಂತ ಹಗುರವಾದ ಇಂಥ ಚೀಲಕ್ಕೆ 2021ರ ಸೆಪ್ಟೆಂಬರ್ 30ರಿಂದಲೇ ನಿಷೇಧವಿದೆ. ಕರ್ನಾಟಕದಲ್ಲಂತೂ 2016ರ ಮಾರ್ಚ್‌ನಲ್ಲೇ ಎಷ್ಟು ದಪ್ಪ ಅಂತ ನೋಡದೆ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದ್ದಾರೆ. ಫ್ಲೆಕ್ಸ್ ಕೂಡ ಅದೇ ಪಟ್ಟಿಯಲ್ಲಿದೆ, ಆದ್ದರಿಂದ ಚೀಲ ಬಿಡುಗಡೆ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಕಟ್ಟಬೇಡಿ.

ಹಾಗಂತ ಹೊಸ ಹತ್ತಿ ಬಟ್ಟೆ ಪರಿಸರಕ್ಕೆ ಹೊರೆಯೇ ಅಲ್ಲ ಅಂತಲ್ಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಲೆಕ್ಕ ಹಾಕಿಸಿತ್ತು. ಹವಾಮಾನದ ಮೇಲಿನ ಪರಿಣಾಮವೊಂದನ್ನೇ ನೋಡಿದರೂ, ಮಾಮೂಲಿ ಹತ್ತಿಯ ಚೀಲ ಅಲ್ಲಿನ ಪ್ಲಾಸ್ಟಿಕ್ ಚೀಲಕ್ಕೆ ಸರಿಸಮ ಆಗಬೇಕಾದರೆ 52 ಸಲ ಬಳಸಬೇಕು. ನೀರು, ಓಝೋನ್ ಪದರ ಅಂತ ಎಲ್ಲ ಲೆಕ್ಕ ಸೇರಿಸಿದರೆ 7,100 ಸಲ. ಅಲ್ಲಿ ಆ ಪ್ಲಾಸ್ಟಿಕ್ ಚೀಲ ಕೊನೆಗೆ ಕಸದ ವ್ಯವಸ್ಥೆಗೇ ಹೋಗುತ್ತದೆ. ನಮ್ಮ ಚರಂಡಿ, ನಮ್ಮ ಹಸುವಿನ ಹೊಟ್ಟೆ ಆ ಲೆಕ್ಕದಲ್ಲಿಲ್ಲ. ಆದರೂ 52 ಅನ್ನುವುದನ್ನು ನೆನಪಿಟ್ಟುಕೊಳ್ಳಿ. ವಾರಕ್ಕೊಂದು ಸಂತೆ ಅಂದರೆ ಒಂದು ವರ್ಷ. ಅಷ್ಟೂ ದಿನ ಹಿಡಿ ಕಿತ್ತು ಬರಬಾರದು. ಹಿಡಿಯ ಬುಡಕ್ಕೆ ಚೌಕ ಹೊಲಿದು ನಡುವೆ ಅಡ್ಡಡ್ಡ ಗೀಟು ಹೊಲಿಯಲು ಟೈಲರ್‌ಗೆ ಹೇಳಿ, ಐದು ಕಿಲೋ ಅಕ್ಕಿ ಹಾಕಿ ನೇತುಹಾಕಿ ನೋಡಿ, ಆಮೇಲೆ ಉಳಿದದ್ದನ್ನು ಹೊಲಿಸಿ. ಕೋರಾ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಮೊದಲ ಒಗೆತಕ್ಕೆ ಕುಗ್ಗುತ್ತದೆ. ಒಗೆದ ಮೇಲೇ ಹೊಲಿಗೆ, ಅಚ್ಚು.

ಇದಕ್ಕಿಂತ ಒಳ್ಳೇ ದಾರಿ ಹಳೇ ಬಟ್ಟೆ. ಮಂಡಿ ಹರಿದ ಪ್ಯಾಂಟ್, ಹಳೇ ಬೆಡ್‌ಶೀಟ್, ಪರದೆ. ಇವುಗಳ ಮೇಲೆ ಅಚ್ಚು ಸರಿಯಾಗಿ ಕೂರುವುದಿಲ್ಲ ಅನ್ನುವುದು ನಿಜ. ಅದಕ್ಕೆ ಅಂಗೈ ಅಗಲದ ಕೋರಾ ತುಂಡಿನ ಮೇಲೆ ಮಕ್ಕಳ ಚಿತ್ರದ ಅಚ್ಚು ಹಾಕಿಸಿ, ಅದನ್ನೇ ಜೇಬಿನ ಹಾಗೆ ಚೀಲಕ್ಕೆ ಹೊಲಿಸಿ. ಚೀಲ ಮಡಚಿ ಮಡಚಿ ಅದೇ ಜೇಬಿನೊಳಗೆ ತುರುಕಿದರೆ ಸ್ಕೂಟರಿನ ಡಿಕ್ಕಿಯಲ್ಲಿ, ಪ್ಯಾಂಟಿನ ಜೇಬಿನಲ್ಲಿ ಕೂರುತ್ತದೆ. ಊರಿನ ಸ್ತ್ರೀಶಕ್ತಿ ಸಂಘದಲ್ಲಿ ಹೊಲಿಗೆ ಬಲ್ಲವರು ಇದ್ದರೆ ಕೆಲಸ ಅವರಿಗೇ ಕೊಡಿ.

ಈಗ ದುಡ್ಡು. ದೊಡ್ಡ ಕಂಪನಿಯ ಹತ್ತಿರ ಹೋಗಿ ಸಿಎಸ್ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ದುಡ್ಡು, ಕೇಳೋಣ ಅಂತ ಎಲ್ಲರೂ ಹೊರಡುತ್ತಾರೆ. ಒಂದು ವಿಷಯ ಗೊತ್ತಿರಲಿ. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮದ ಪ್ರಕಾರ, ತಮ್ಮ ಸರಕಿಗೆ ಪ್ರಚಾರ ಸಿಗಲಿ ಅಂತ ಮಾಡುವ ಪ್ರಾಯೋಜಕತ್ವವನ್ನು ಕಂಪನಿಗಳು ಸಿಎಸ್ಆರ್ ಲೆಕ್ಕಕ್ಕೆ ತೋರಿಸುವಂತಿಲ್ಲ. ಅಂದರೆ ಚೀಲದ ತುಂಬ ಲೋಗೊ ಬೇಕು ಅಂದರೆ ಅದು ಜಾಹೀರಾತಿನ ದುಡ್ಡಿನಲ್ಲೇ ಬರಬೇಕು.

ಇನ್ನೊಂದು ಎಚ್ಚರ. ಅಂಗಡಿಯ ಹೆಸರು ಅಚ್ಚಾದ ಚೀಲವನ್ನು ಗಿರಾಕಿಗೆ ಮಾರಲು ಹೋಗಬೇಡಿ. 2019ರಲ್ಲಿ ಚಂಡೀಗಢದಲ್ಲಿ ಒಂದು ಚಪ್ಪಲಿ ಕಂಪನಿ ತನ್ನ ಹೆಸರಿದ್ದ ಚೀಲಕ್ಕೆ 3 ರೂಪಾಯಿ ತಗೊಂಡದ್ದಕ್ಕೆ, 9,000 ರೂಪಾಯಿ ಕೊಡುವಂತೆ ಗ್ರಾಹಕರ ವೇದಿಕೆ ಹೇಳಿತು. ಗಿರಾಕಿಯಿಂದಲೇ ದುಡ್ಡು ಕಿತ್ತು ಅವನ ಕೈಯಲ್ಲೇ ನಿಮ್ಮ ಜಾಹೀರಾತು ಹೊರಿಸಬೇಡಿ ಅನ್ನುವುದು ಅದರ ತಾತ್ಪರ್ಯ. ಹೆಸರು ಕೆಳಗಿನ ಅಂಚಿನಲ್ಲಿ ಒಂದು ಸಾಲು ಇರಲಿ, ಚಿತ್ರಕ್ಕಿಂತ ದೊಡ್ಡದಾಗದಿರಲಿ.

ನನ್ನನ್ನು ಕೇಳಿದರೆ ದೂರದ ಒಂದು ದೊಡ್ಡ ಕಂಪನಿಗಿಂತ ಬೀದಿಯ ಆರು ಅಂಗಡಿ ಮೇಲು. ಒಂದು ಕಿರಾಣಿ, ಒಂದು ತರಕಾರಿ ಅಂಗಡಿ, ಬೇಕರಿ, ಹೂವಿನವರು, ಮೆಡಿಕಲ್ ಶಾಪ್, ಜವಳಿ ಅಂಗಡಿ. ಕವರ್ ಕೊಡುವ ಕೈಗಳೇ ಅವು, ಅಲ್ವಾ? ದುಡ್ಡು ಸ್ವಲ್ಪ ಕಮ್ಮಿ ಕೊಟ್ಟರೂ ಪರವಾಗಿಲ್ಲ, ಎರಡು ಮಾತು ಕೊಡಲಿ. ಮೊದಲನೆಯದು, ಗಿರಾಕಿ ಕೇಳುವ ಮುಂಚೆ ತಾವಾಗಿ ಕವರ್ ಕೊಡುವುದನ್ನು ನಿಲ್ಲಿಸುವುದು, ಅದರ ಬದಲು “ಚೀಲ ತಂದಿದ್ದೀರಾ?” ಅಂತ ಕೇಳುವುದು. ಎರಡನೆಯದು, ಕ್ಯಾಶ್ ಡಬ್ಬಿಯ ಪಕ್ಕ ಒಂದು ಮೊಳೆ. ಆ ಮೊಳೆಗೆ ಹತ್ತು ಚೀಲ ತೂಗುಹಾಕಿರುತ್ತದೆ. ಮರೆತು ಬಂದವರು 20 ರೂಪಾಯಿ ಇಟ್ಟು ಒಂದು ತಗೊಂಡು ಹೋಗಲಿ, ವಾಪಸ್ ತಂದಾಗ ಪೂರ್ತಿ 20 ರೂಪಾಯಿ ಕೊಡಿ. ಆರು ಅಂಗಡಿಯಲ್ಲಿ ಎಲ್ಲಿ ತಂದರೂ ನಡೆಯಬೇಕು. ಇದು ಮಾರಾಟ ಅಲ್ಲ, ಠೇವಣಿ ಅಂತ ಗೋಡೆ ಮೇಲೆ ಮಕ್ಕಳ ಅಕ್ಷರದಲ್ಲೇ ಬರೆಸಿ ಅಂಟಿಸಿ.

ಮೀನು, ಮಾಂಸ, ದೋಸೆ ಹಿಟ್ಟಿಗೆ ಬಟ್ಟೆ ಚೀಲ ಆಗುವುದಿಲ್ಲ, ಸ್ಟೀಲ್ ಡಬ್ಬಿಯೇ ಬೇಕು. ಅದನ್ನೂ ಮುಚ್ಚಿಡದೆ ಹೇಳಿ, ಇಲ್ಲದಿದ್ದರೆ ಒಂದು ಸಲ ಸೋರಿದರೆ ಜನ ಚೀಲವನ್ನೇ ಬಿಟ್ಟುಬಿಡುತ್ತಾರೆ.

ಮೊದಲ ಕಂತಿಗೆ 200 ಚೀಲ ಸಾಕು. ಮೂರು ತಿಂಗಳಾದ ಮೇಲೆ ಒಂದು ಸಂತೆಯ ದಿನ, ಇಬ್ಬರು ದೊಡ್ಡವರ ಜೊತೆ ನಾಲ್ಕು ಮಕ್ಕಳನ್ನು ಸಂತೆಯ ಬಾಗಿಲಲ್ಲಿ ಒಂದು ಗಂಟೆ ಕೂರಿಸಿ. ತಮ್ಮ ಬದನೆಕಾಯಿ, ತಮ್ಮ ಮೂಲಂಗಿ ಇರುವ ಚೀಲ ಎಷ್ಟು ಹೊರಗೆ ಬಂದವು ಅಂತ ಎಣಿಸಲಿ. ಎಂಟು ಬಂದರೂ ಎಂಬತ್ತು ಬಂದರೂ ಆ ಲೆಕ್ಕವನ್ನು ಆರೂ ಅಂಗಡಿಗಳ ಮುಂದೆ ಬರೆದು ಹಾಕಿ. ಎರಡನೇ ಕಂತು ಹೊಲಿಸಬೇಕಾ, ಇರುವ ಚೀಲಗಳನ್ನೇ ಬೀರುವಿನಿಂದ ಹೊರಗೆ ತರಿಸಬೇಕಾ ಅನ್ನುವುದನ್ನು ಅಲ್ಲಿಂದ ತೀರ್ಮಾನ ಮಾಡಿ.