ಸ್ಪ್ಯಾನಿಷ್‌ನಲ್ಲಿ ‘ನೀನು’ ಅನ್ನೋದು ಹೇಗೆ? ಮೊದಲು ಯಾವ ಊರು ಅಂತ ಹೇಳಿ

ನನ್ನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಹೀಗಿದೆ: ‘ತೂ’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು. ಅಷ್ಟೇನಾ ಅಂತ ಖುಷಿಯಾಗಿತ್ತು. ಮಾತು ರೂಢಿಯಾಗಲಿ ಎಂದು ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನವರೊಬ್ಬರ ಜೊತೆ ವಿಡಿಯೋ ಕಾಲ್‌ನಲ್ಲಿ ಕೂತೆ. ಅವರು ಕೇಳಿದ ಮೊದಲ ಪ್ರಶ್ನೆ, ‘ವೋಸ್ ದೆ ದೋಂದೆ ಸೋಸ್?’ ನಿಂದು ಯಾವ ಊರು ಅಂತ. ನಾನು ಕಲಿತಿದ್ದು ‘ದೆ ದೋಂದೆ ಎರೆಸ್?’ ತಲೆಬುಡ ತಿಳಿಯದೆ ಸುಮ್ನೆ ನಕ್ಕೆ.

ಅರ್ಜೆಂಟೀನಾದಲ್ಲಿ ‘ತೂ’ ಬಳಕೆಯಲ್ಲಿಲ್ಲ. ಗೆಳೆಯರಿಗೆ, ಮನೆಯವರಿಗೆ ಎಲ್ಲರಿಗೂ ‘ವೋಸ್’. ಇದರ ಕಥೆ ನಮಗೆ ಬೇಗ ಹಿಡಿಸುತ್ತದೆ. ಲ್ಯಾಟಿನ್‌ನಲ್ಲಿ ಇದು ಬಹುವಚನ. ಮುಂದೆ ಒಬ್ಬರಿಗೇ ಮರ್ಯಾದೆ ಕೊಟ್ಟು ಕರೆಯಲೂ ಬಳಸಿದರು, ಥೇಟ್ ನಮ್ಮ ‘ನೀವು’ ಹಾಗೆ. ಆದರೆ ಎಲ್ಲರೂ ಎಲ್ಲರಿಗೂ ಹೇಳಿ ಹೇಳಿ ಪದ ಸವೆಯಿತು. 16ನೇ ಶತಮಾನದ ಹೊತ್ತಿಗೆ ಅದರಲ್ಲಿ ಮರ್ಯಾದೆ ಉಳಿದಿರಲಿಲ್ಲ. ದೊಡ್ಡವರಿಗೆ ಬೇರೆ ಮಾತು ಬೇಕಾಯಿತು. ಆಗ ಬಂದದ್ದು ‘ವುಯೆಸ್ತ್ರಾ ಮೆರ್ಸೆದ್’, ಅಂದರೆ ‘ತಮ್ಮ ಕೃಪೆ’. ಅದೇ ಸವೆದು ‘ಉಸ್ತೆದ್’ ಆಯಿತು. ಉಸ್ತೆದ್ ಜೊತೆ ‘ಅವನು, ಅವಳು’ ರೂಪದ ಕ್ರಿಯಾಪದ ಯಾಕೆ ಬರುತ್ತದೆ ಅಂತ ಒದ್ದಾಡುತ್ತಿದ್ದೀರಾ? ಕಾರಣ ಇದೇ. ಎದುರಿಗಿರುವವರನ್ನೇ ‘ಯಜಮಾನರು ಬರಬೇಕು’ ಅಂತೀವಲ್ಲ, ಹಾಗೆ.

ಸ್ಪೇನ್‌ನಲ್ಲಿ ‘ವೋಸ್’ ಮಾಯವಾಯಿತು. ಸ್ಪೇನ್ ಜೊತೆ ಹತ್ತಿರದ ಒಡನಾಟವಿದ್ದ ಮೆಕ್ಸಿಕೋ ನಗರ, ಪೆರುವಿನ ಲಿಮಾಗಳು ಅದೇ ದಾರಿ ಹಿಡಿದವು. ದೂರದ ಅರ್ಜೆಂಟೀನಾ, ಪರಾಗ್ವೆ, ಮಧ್ಯ ಅಮೆರಿಕಾದ ಬಹುಭಾಗದಲ್ಲಿ ಹಳೆಯದೇ ಉಳಿಯಿತು. ಉರುಗ್ವೆಯಲ್ಲಿ ಕಲಬೆರಕೆ: ‘ತೂ’ ಅಂದು ‘ವೋಸ್’ನ ಕ್ರಿಯಾಪದ ಸೇರಿಸುವವರೂ ಇದ್ದಾರೆ.

ಕಲಿಯುವವರಿಗೆ ‘ವೋಸ್’ ಸುಲಭ ಅನ್ನುವುದು ನನ್ನ ಅಭಿಪ್ರಾಯ. ‘ತೆನೆರ್’ (ಹೊಂದಿರು), ‘ಪೊದೆರ್’ (ಸಾಧ್ಯವಾಗು) ತೆಗೆದುಕೊಳ್ಳಿ. ‘ತೂ’ ಜೊತೆ ‘ತಿಯೆನೆಸ್’, ‘ಪುಯೆದೆಸ್’ ಅಂತ ಧಾತು ನಡುವೆ ಮುರಿಯುತ್ತದೆ. ‘ವೋಸ್’ ಜೊತೆ ‘ತೆನೆಸ್’, ‘ಪೊದೆಸ್’, ಒತ್ತು ಕೊನೆಯ ಅಕ್ಷರಕ್ಕೆ, ಧಾತು ಹಾಗೇ ಇರುತ್ತದೆ. ಆಜ್ಞೆ ಇನ್ನೂ ಸರಳ. ‘ವೆನಿರ್’ (ಬರು) ಕೊನೆಯ ರ್ ತೆಗೆದು ಒತ್ತಿ ಹೇಳಿ: ‘ವೆನಿ!’ ಬಾ. ‘ಸೋಸ್’ ಮಾತ್ರ ಬಾಯಿಪಾಠ ಮಾಡಲೇಬೇಕು. ‘ಹೋಗು’ ಅನ್ನೋದಕ್ಕೆ ‘ಇರ್’ ಬಿಟ್ಟು ‘ಆಂದಾ’ ಅನ್ನುತ್ತಾರೆ.

ಕೊಲಂಬಿಯಾದಲ್ಲಿ ಒಂದೇ ದೇಶದೊಳಗೆ ಮೂರು ಥರ. ಕೆರಿಬಿಯನ್ ಕರಾವಳಿಯಲ್ಲಿ ‘ತೂ’, ಮೆಡೆಯಿನ್‌ನಲ್ಲಿ ‘ವೋಸ್’. ಬೊಗೊಟಾದಲ್ಲಿ ಹತ್ತಿರದ ಗೆಳೆಯರೂ, ಗಂಡ ಹೆಂಡತಿಯೂ ‘ಉಸ್ತೆದ್’ ಅನ್ನುವುದುಂಟು. ನಮ್ಮ ಲೆಕ್ಕದಲ್ಲಿ ‘ನೀವು’ ಅಂದರೆ ಸ್ವಲ್ಪ ದೂರ ಅಲ್ವಾ? ಅಲ್ಲಿ ಹಾಗೇನಿಲ್ಲ.

ಬಹುವಚನ ಬೇಗ ಮುಗಿಯುತ್ತದೆ. ಸ್ಪೇನ್‌ನ ಬಹುಭಾಗದಲ್ಲಿ ಗೆಳೆಯರ ಗುಂಪಿಗೆ ‘ವೊಸೊತ್ರೊಸ್’. ಲ್ಯಾಟಿನ್ ಅಮೆರಿಕಾದ ಕಡೆ ಎಲ್ಲರಿಗೂ ‘ಉಸ್ತೆದೆಸ್’.

ಕಿವಿಗೆ ಮೊದಲು ಬೀಳುವುದು ಉಚ್ಚಾರ. ಬೀದಿಗೆ ‘ಕಾಯೆ’ ಅಂತ ಕಲಿತಿರುತ್ತೀರಿ. ಬ್ಯೂನಸ್ ಐರಿಸ್‌ನಲ್ಲಿ ಅದು ‘ಕಾಶೆ’. ‘ನನ್ನ ಹೆಸರು’ ಅನ್ನೋದು ‘ಶೋ ಮೆ ಶಾಮೊ’. ಕ್ಯೂಬಾ, ಪೋರ್ಟೊರಿಕೋ ಕಡೆ ಪದದ ಕೊನೆಯ ಸ್ ಉಸಿರಾಗಿಬಿಡುತ್ತದೆ: ‘ಲೊಸ್ ತ್ರೆನೆಸ್’ (ರೈಲುಗಳು) ಕೇಳಿಸುವುದು ‘ಲೊಹ್ ತ್ರೆನೆಹ್’. ಅಲ್ಲಿಯವರ ಮಾತು ತುಂಬಾ ವೇಗ ಅನ್ನಿಸಲು ಅರ್ಧ ಕಾರಣ ಈ ನುಂಗುವಿಕೆಯೇ.

ಪದಗಳ ವಿಷಯಕ್ಕೆ ಒಂದೆರಡು ಉದಾಹರಣೆ ಸಾಕು. ಕ್ಯೂಬಾ, ಕೆನರಿ ದ್ವೀಪಗಳಲ್ಲಿ ‘ಗ್ವಾಗ್ವಾ’ ಅಂದರೆ ಬಸ್ಸು. ಚಿಲಿಯಲ್ಲಿ ‘ಗ್ವಾಗ್ವಾ’ ಅಂದರೆ ಎಳೆಮಗು, ಆಂಡಿಸ್ ಪರ್ವತ ಸೀಮೆಯ ಮೂಲನಿವಾಸಿಗಳ ಕೆಚುವಾ ಭಾಷೆಯಿಂದ ಬಂದ ಪದ. ಬಸ್ಸು ಹಿಡಿಯೋದಕ್ಕೆ ಸ್ಪೇನ್‌ನಲ್ಲಿ ‘ಕೊಹೆರ್’ ಅಂತಾರೆ. ಅರ್ಜೆಂಟೀನಾದಲ್ಲೂ ಮೆಕ್ಸಿಕೋದಲ್ಲೂ ಅದು ಪಕ್ಕಾ ಪೋಲಿ ಮಾತು. ಆ ವಿಡಿಯೋ ಕಾಲ್‌ನಲ್ಲಿ ನಾನು ದಿನಾ ಹೇಗೆ ಕೆಲಸಕ್ಕೆ ಹೋಗ್ತೀನಿ ಅಂತ ಇದೇ ಪದ ಹಾಕಿ ವಿವರಿಸಿದ್ದೆ. ಅವರು ಕ್ಯಾಮೆರಾ ಆಫ್ ಮಾಡಿ ನಗುತ್ತಿದ್ದರು. ‘ತೊಮಾರ್’ ಅನ್ನಿ, ಎಲ್ಲ ಕಡೆ ನಡೆಯುತ್ತದೆ.