ಠೇವಣಿ ವಿಮೆ: 90 ದಿನಗಳ ನಿಯಮ ಬಂದ ದಾರಿ

2019ರ ಸೆಪ್ಟೆಂಬರ್ 23ರಂದು ಭಾರತೀಯ ರಿಸರ್ವ್ ಬ್ಯಾಂಕು ಮುಂಬಯಿಯ ಭಾಂಡುಪ್‌ನಲ್ಲಿ ಪ್ರಧಾನ ಕಚೇರಿಯಿದ್ದ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಒಬ್ಬ ಠೇವಣಿದಾರ ಆರು ತಿಂಗಳಲ್ಲಿ ತೆಗೆಯಬಹುದಾಗಿದ್ದ ಹಣ ಒಂದು ಸಾವಿರ ರೂಪಾಯಿ ಮಾತ್ರ. ಆ ಮಿತಿ ಕೆಲವೇ ದಿನಗಳಲ್ಲಿ 10,000ಕ್ಕೂ, ಮುಂದೆ ಹಂತಹಂತವಾಗಿ ಒಂದು ಲಕ್ಷಕ್ಕೂ ಏರಿತು. ಆದರೆ ಠೇವಣಿಗೆ ವಿಮೆಯಿದ್ದೂ ಆ ಹಣ ಏಕೆ ಕೈಗೆ ಬರುತ್ತಿಲ್ಲ ಎಂಬ ಪ್ರಶ್ನೆಗೆ ಶಾಖೆಗಳಲ್ಲಿ ಉತ್ತರವಿರಲಿಲ್ಲ. ಹೋಟೆಲಿನ ದುಡಿಮೆಯನ್ನು ಸಹಕಾರಿ ಬ್ಯಾಂಕುಗಳಲ್ಲಿ ಕೂಡಿಟ್ಟುಕೊಂಡು ಬಂದ ಮುಂಬಯಿಯ ಕನ್ನಡಿಗರಿಗೂ ಅದು ದೂರದ ಪ್ರಶ್ನೆಯಾಗಿರಲಿಲ್ಲ.

ಉತ್ತರ ಕಾಯ್ದೆಯ ಹುಟ್ಟಿನಲ್ಲೇ ಇತ್ತು. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ ಸಂಸತ್ತು 1961ರಲ್ಲಿ ಠೇವಣಿ ವಿಮಾ ಕಾಯ್ದೆಯನ್ನು ಅಂಗೀಕರಿಸಿತು. 1962ರ ಜನವರಿ 1ರಿಂದ ಪ್ರತಿ ಠೇವಣಿದಾರನಿಗೆ 1,500 ರೂಪಾಯಿಯ ರಕ್ಷಣೆ ದೊರೆಯಿತು. ಪೂರ್ತಿ ಮುಚ್ಚಿಹೋಗುವ ಬ್ಯಾಂಕನ್ನು ಕಣ್ಣಮುಂದಿಟ್ಟುಕೊಂಡು ಬರೆದ ಕಾನೂನಾದ್ದರಿಂದ, ಸಮಾಪನೆ (ಬ್ಯಾಂಕನ್ನು ಮುಚ್ಚಿ ಲೆಕ್ಕ ತೀರಿಸುವ ಕೆಲಸ) ಆರಂಭವಾದ ಅಥವಾ ಬೇರೆ ಬ್ಯಾಂಕಿನೊಡನೆ ವಿಲೀನವಾದ ಮೇಲಷ್ಟೇ ವಿಮೆಯ ಹಣ ಬರುತ್ತಿತ್ತು. ಇತ್ತ ಮುಚ್ಚದೆ, ಅತ್ತ ನಡೆಯದೆ, ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಮಿನಂತೆ ರಿಸರ್ವ್ ಬ್ಯಾಂಕು ಹೇರುವ ನಿರ್ಬಂಧಗಳಡಿ ವರ್ಷಗಟ್ಟಲೆ ನಿಂತ ಬ್ಯಾಂಕಿನ ಗ್ರಾಹಕರ ಬಗ್ಗೆ ಅದು ಏನನ್ನೂ ಹೇಳಿರಲಿಲ್ಲ. ವಿಮೆಯ ಮೊತ್ತವೂ 1993ರಲ್ಲಿ ಒಂದು ಲಕ್ಷಕ್ಕೆ ಏರಿ, 2020ರ ಫೆಬ್ರವರಿಯಲ್ಲಿ ಐದು ಲಕ್ಷವಾಗುವವರೆಗೆ ಕದಲಲಿಲ್ಲ. ಬೆಲೆಗಳು ಹಲವು ಪಟ್ಟು ಏರಿದ ಆ 27 ವರ್ಷಗಳ ಮೌನಕ್ಕೆ ಯಾವ ಸಮರ್ಥನೆಯೂ ಸಾಲದು.

ಭಾಂಡುಪ್‌ನ ಪ್ರಕರಣದ ಒತ್ತಡದಲ್ಲಿ ಎರಡು ತಿದ್ದುಪಡಿಗಳು ಬಂದವು. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದದ್ದು ಸಹಕಾರಿ ಬ್ಯಾಂಕುಗಳ ಆಡಳಿತದ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತವನ್ನು ಬಿಗಿಗೊಳಿಸಿತು. ಠೇವಣಿ ವಿಮಾ ಕಾಯ್ದೆಗೆ 2021ರಲ್ಲಿ ಬಂದದ್ದು ಠೇವಣಿದಾರನ ಮಟ್ಟಿಗೆ ಹೆಚ್ಚು ಮುಖ್ಯವಾದುದು: ನಿರ್ಬಂಧ ಬಿದ್ದ 45 ದಿನಗಳಲ್ಲಿ ಬ್ಯಾಂಕು ಠೇವಣಿದಾರರ ಪಟ್ಟಿ ಕೊಡಬೇಕು, ಒಟ್ಟು 90 ದಿನಗಳೊಳಗೆ ಈ ವಿಮೆ ನಡೆಸುವ ಠೇವಣಿ ವಿಮಾ ನಿಗಮ ವಿಮೆಯ ಹಣ ಪಾವತಿಸಬೇಕು. ವಿಲೀನದ ಮಾತುಕತೆ ನಡೆದಿದ್ದರೆ ಇನ್ನೂ 90 ದಿನ ತಡವಾಗಬಹುದು.

ಬಳಕೆಯಲ್ಲಿ ಈ ನಿಯಮದ ಒಂದು ಅಂಶವನ್ನು ಹಲವರು ಗಮನಿಸುವುದಿಲ್ಲ. ಒಬ್ಬರೇ ಒಂದೇ ಬ್ಯಾಂಕಿನ ಮಾಟುಂಗಾ, ಮುಲುಂಡ್ ಶಾಖೆಗಳಲ್ಲಿ ಬೇರೆ ಬೇರೆ ಖಾತೆಯಿಟ್ಟರೂ ಅಸಲು ಬಡ್ಡಿ ಸೇರಿ ಸಿಗುವುದು ಐದೇ ಲಕ್ಷ. ಗಂಡಹೆಂಡಿರ ಜಂಟಿ ಖಾತೆಗೆ ಮಾತ್ರ ಲೆಕ್ಕ ಬೇರೆ. ನೂರಾರು ಸದಸ್ಯರ ವಂತಿಗೆಯಿಂದ ಬೆಳೆದ ಸಂಘವೂ ಈ ಲೆಕ್ಕದಲ್ಲಿ ಒಬ್ಬನೇ ಠೇವಣಿದಾರ. 2022ರ ಜನವರಿಯಲ್ಲಿ ಭಾಂಡುಪ್‌ನ ಆ ಬ್ಯಾಂಕು ಯೂನಿಟಿ ಸ್ಮಾಲ್ ಫೈನಾನ್ಸ್ ಬ್ಯಾಂಕಿನೊಡನೆ ವಿಲೀನಗೊಂಡಾಗ, ವ್ಯಕ್ತಿಗಳ ವಿಮೆ ಮೀರಿ ಉಳಿದ ಹಣವನ್ನು ಹತ್ತು ವರ್ಷಗಳವರೆಗಿನ ಕಂತುಗಳಿಗೆ ಹಂಚಲಾಯಿತು. ಸಂಸ್ಥೆಗಳ ವಿಮೆ ಮೀರಿದ ಠೇವಣಿಯಲ್ಲಿ ಶೇ. 80ರಷ್ಟು ಆದ್ಯತಾ ಷೇರುಗಳಾಗಿ, ಅಂದರೆ ಠೇವಣಿಯಂತೆ ಬೇಕೆಂದಾಗ ಹಿಂಪಡೆಯಲಾಗದ ಹೂಡಿಕೆಯಾಗಿ, ಬದಲಾಯಿತು. ಕಟ್ಟಡ ನಿಧಿಯನ್ನೋ ವಿದ್ಯಾರ್ಥಿವೇತನದ ನಿಧಿಯನ್ನೋ ಒಂದೇ ಬ್ಯಾಂಕಿನಲ್ಲಿ ಇಟ್ಟಿರುವ ಸಂಘಗಳು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲೇ ಅದನ್ನು ಎರಡು ಮೂರು ಬ್ಯಾಂಕುಗಳಿಗೆ ಹಂಚುವ ನಿರ್ಣಯ ಮಾಡುವುದು ಒಳ್ಳೆಯದು.